ಕುಳ್ಳಮ್ಮನ ಗೋಡೆ

ಹೊಗೆಸೊಪ್ಪು ಬೇಯಿಸುವ ಮಣ್ಣುಗೋಡೆಯ ಮನೆ, ಬ್ಯಾರನ್, ಬೇಸಿಗೆಯಲ್ಲಿ ಹೇಗೂ ಖಾಲಿ. ಮೊಮ್ಮಗಳು ರಮ್ಯ ತನ್ನ ರಾಕ್ ಬ್ಯಾಂಡಿನ ಹಾಡು ರೆಕಾರ್ಡ್ ಮಾಡಲು ಅದನ್ನು ಕೇಳಿದಾಗ ಕುಳ್ಳಮ್ಮ ಬೈದೇ ಕೊಟ್ಟಿದ್ದಳು. ಪಿರಿಯಾಪಟ್ಟಣದ ಸೀಮೆಯಲ್ಲಿ ನಲವತ್ತು ವರ್ಷ ಥರ್ಮಾಮೀಟರನ್ನು ನಂಬದೆ, ಆ ಬ್ಯಾರನ್ನಿನ ಹೊರಗೋಡೆಗೆ ಅಂಗೈಯಿಟ್ಟೇ ಸೊಪ್ಪಿನ ಹದ ಹೇಳಿದವಳು ಅವಳು. ಕೈ ಇಟ್ಟೂ ಇಟ್ಟೂ ಗೋಡೆಯ ಮೇಲೆ ಕಪ್ಪು ಗುರುತೇ ಬಿದ್ದಿತ್ತು.

ಈಗ ಅವಳಿಗೆ ಕಿವಿ ಮಂದ. ಒಳಗೆ ರಮ್ಯ ಮತ್ತು ಇಬ್ಬರು ಗೆಳೆಯರು ಒಂದೇ ಹಾಡನ್ನು ಬೆಳಗಿನಿಂದ ಹನ್ನೊಂದು ಸಲ ನುಡಿಸಿ, ಯಾವುದನ್ನು ಇಟ್ಟುಕೊಳ್ಳುವುದೆಂದು ಜಗಳಕ್ಕೆ ಬಿದ್ದಿದ್ದರು. ಕುಳ್ಳಮ್ಮ ಬಾಗಿಲು ತಳ್ಳಿದಳು.

"ಏಳ್ನೇದು ಇಟ್ಕಳ್ರಲಾ. ಆಮ್ಯಾಕಿನವೆಲ್ಲಾ ಸೀದೋಗವೆ."

"ನಿಂಗೆ ಕೇಳ್ಸದೇ ಇಲ್ವಲ್ಲಜ್ಜಿ?" ಅಂದ ಗಿಟಾರಿನ ತೇಜಸ್.

"ಗೋಡೆ ಮುಟ್ಕಂಡು ನಿಂತಿದ್ದೆ ಕಣ್ಲಾ."

ಏಳನೆಯದನ್ನು ಮತ್ತೆ ಹಾಕಿ ಕೇಳಿದರು. ಜಗಳ ಅಲ್ಲಿಗೇ ನಿಂತಿತು.

ಅವರ ಮೊದಲ ಆಲ್ಬಂ ಬಂದದ್ದು ಸೊಪ್ಪು ಬೇಯುವ ಕಾಲಕ್ಕೆ. ಬ್ಯಾಂಡಿನ ಹೆಸರು 'ಬ್ಯಾರನ್', ಆಲ್ಬಮ್ಮಿನ ಹೆಸರೂ ಅದೇ.

"ಎಲ್ಡುಕ್ಕೂ ಒಂದೇ ಎಸ್ರಾ? ಬ್ಯಾರೆ ಸಿಗ್ನಿಲ್ವಾ?" ಎಂದು ಗೊಣಗುತ್ತಲೇ ಕುಳ್ಳಮ್ಮ ಕವರನ್ನು ಕೈಗೆ ತೆಗೆದುಕೊಂಡಳು. ಅದರ ತುಂಬ ಅವಳ ಮಣ್ಣುಗೋಡೆ, ನಡುವೆ ಅವಳ ಅಂಗೈಯ ಕಪ್ಪು ಗುರುತು.

ಸಂಜೆ ಬ್ಯಾರನ್ನಿನ ಒಲೆಗೆ ಸೌದೆ ತುಂಬಿದ ಕೆಲಸದಾಳು ಚಲುವಯ್ಯ, ದಣಿವಾರಿಸಿಕೊಳ್ಳಲು ಅದೇ ಗೋಡೆಗೆ ಬೆನ್ನು ಕೊಟ್ಟ.

"ಅತ್ಲಾಗಿ ಸರ್ಕೊಳಯ್ಯ," ಗದರಿದಳು ಕುಳ್ಳಮ್ಮ. "ಅದು ಆಲ್ಬಂ ಗೋಡೆ!"