ಕೊಡದ ಸುತ್ತ ಸತ್ತ ಮೀನು

ಭತ್ತಕ್ಕೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ಹಂಗಾಮು ಬಂತೆಂದರೆ ಬಳಗಾನೂರಿನ ಕಾಲುವೆಯಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲುತ್ತವೆ. ನಾವು ನೋಡುತ್ತೇವೆ. ಕೈಯಿಂದ ಅತ್ತ ಸರಿಸಿ, ಅದೇ ನೀರು ತುಂಬಿಕೊಂಡು ಮನೆಗೆ ಬರುತ್ತೇವೆ. ಥೂ, ನಮಗೆ ನಾಚಿಕೆಯಾದರೂ ಬೇಡವೇ?

ತೊಂಬತ್ನಾಲ್ಕರಲ್ಲಿ ಒಂದು ದಿನ, ಮಸ್ಕಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಹೊನ್ನೂರಪ್ಪ ಬಸ್ಸಿಳಿದು ನೇರ ಕಾಲುವೆಗೆ ಬಂದ. ಕ್ಯಾಮೆರಾ ಇರಲಿಲ್ಲ. ಫೋಟೋ ಕಾಗದದ ಕರಿ ಕವರು ಮಾತ್ರ. ನೀರು ತುಂಬುವ ಮೆಟ್ಟಿಲ ಹತ್ತಿರ ಸತ್ತ ಮೀನು ಆರಿಸತೊಡಗಿದ.

ತುಸು ಮೇಲುಗಡೆ ಗಿಡ್ಡಪ್ಪ ಎಣ್ಣೆ ಹೊಡೆದ ಪಂಪನ್ನು ಕಾಲುವೆಯಲ್ಲೇ ತೊಳೆಯುತ್ತಿದ್ದ.

"ಏನಲೇ ಹೊನ್ನೂರ, ಮೀನಿಗೂ ಲಗ್ನ ಗೊತ್ತಾತೇನು? ಫೋಟೋ ತಗ್ಯಾಕ ಬಂದಿ!"

"ಲಗ್ನ ಅಲ್ಲ ಕಾಕಾ, ಹೆಣದ ಫೋಟೋ. ನಿನ್ನ ಪಂಪಿನ ವಿಷಕ್ಕ ಸತ್ತಾವ."

"ಹೋಗಲೇ! ಬಿಸಿಲಿಗೆ ಸತ್ತಾವ. ಹರಿಯೋ ನೀರಿಗೆ ದೋಷ ಇಲ್ಲಂತ ಹಿರ್ಯಾರು ಹೇಳ್ಯಾರ."

"ಹಿರ್ಯಾರು ಎಣ್ಣಿ ಹೊಡೀತಿದ್ರೇನು ಕಾಕಾ?"

ಅಷ್ಟರಲ್ಲಿ ಗಿಡ್ಡಪ್ಪನ ಮಗಳು ಆದಮ್ಮ ಕೊಡ ಹೊತ್ತು ಮೆಟ್ಟಿಲು ಹತ್ತಿ ಬಂದಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ಏದುಸಿರು ಬಿಡುತ್ತಿದ್ದಳು.

ಹೊನ್ನೂರಪ್ಪ ಕರಿ ಕವರಿನಿಂದ ಬಿಸಿಲು ಬಿದ್ದರೆ ಕಪ್ಪಾಗುವ ದೊಡ್ಡ ಬಿಳಿ ಫೋಟೋ ಕಾಗದ ತೆಗೆದು ಬಂಡೆಯ ಮೇಲೆ ಹಾಸಿದ. "ತಂಗೀ, ಕೊಡ ಇದರ ಮ್ಯಾಲಿಡು. ದಮ್ಮು ತಗೋ." ಸುತ್ತಲೂ ಮೀನು ಮಲಗಿಸಿದ.

ಅವಳು ಸುಧಾರಿಸಿಕೊಳ್ಳುವಷ್ಟರಲ್ಲಿ ಬಿಸಿಲಿಗೆ ಕಾಗದ ಕಪ್ಪಾಗಿತ್ತು. ಹೊನ್ನೂರಪ್ಪ ಕೊಡ ಎತ್ತಿ ಅವಳ ಕೈಗೆ ಕೊಟ್ಟು, ಮೀನು ತೆಗೆದ. ನೆರಳು ಬಿದ್ದಲ್ಲಿ ಮಾತ್ರ ಕಾಗದ ಬೆಳ್ಳಗೆ ಉಳಿದಿತ್ತು. ನಡುವೆ ಕೊಡದ ದುಂಡು. ಸುತ್ತ ಸತ್ತ ಮೀನುಗಳ ಬಿಳಿ ಅಚ್ಚು, ಬಾಯಿ ಎಲ್ಲ ಕೊಡದ ಕಡೆಗೆ.

ಆದಮ್ಮ ಚಿತ್ರ ನೋಡಿದಳು. ಅಪ್ಪನ ಕೈಯಲ್ಲಿದ್ದ ಪಂಪು ನೋಡಿದಳು.

"ಯಪ್ಪಾ, ಈ ನೀರು ನಾ ಕುಡೀಲೇನು? ನೀನ ಹೇಳು."

ನೀರಿಗೆ ಬಂದು ಮೆಟ್ಟಿಲ ಮೇಲಿದ್ದ ಹೆಂಗಸರೆಲ್ಲ ಗಿಡ್ಡಪ್ಪನನ್ನೇ ನೋಡುತ್ತಿದ್ದರು. ತಲೆ ತಗ್ಗಿಸಿ ಬಂದ. ಮಗಳ ಕೈಯಿಂದ ಕೊಡ ಇಸಿದುಕೊಂಡು ನೆಲಕ್ಕೆ ಸುರಿದ.

"ಬೋರಿಂಗಿನ ನೀರು ನಾ ತರ್ತೀನಿ. ನೀ ಮನಿಗೆ ನಡಿಯವ್ವಾ." ಮುಖ ಎತ್ತದೆ ಕೇಳಿದ: "ಪಂಪು ಎಲ್ಲಿ ತೊಳೀಬೇಕಲೇ ಹೊನ್ನೂರ?"

"ಹೊಲದಾಗ ತೊಳಿ ಕಾಕಾ. ತೊಳದ ನೀರು ಅದೇ ಬೆಳಿಗೆ ಹೊಡಿ. ಖಾಲಿ ಡಬ್ಬಿ ತೂತು ಮಾಡಿ ನೀರಿನಿಂದ ದೂರ ಹೂಳು. ಮನಿಗೆ ಮಾತ್ರ ಒಯ್ಯಬ್ಯಾಡ."

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಅಣ್ಣಂದಿರೇ, ನಾಳೆ ಹೆಗಲಿಂದ ಪಂಪು ಇಳಿಸಿದಾಗ ಕಾಲುವೆ ಕಡೆ ಹೆಜ್ಜೆ ಇಡಬೇಡಿ. ಕೆಳಗೆ ಯಾರೋ ಕೊಡ ಮುಳುಗಿಸುತ್ತಿದ್ದಾರೆ. ಆಕೆ ನಿಮ್ಮ ಮಗಳಲ್ಲದಿದ್ದರೇನು, ಇನ್ನೊಬ್ಬರ ಮಗಳಲ್ಲವೇ?