ಕಂಬಿ ತೆಗೆದ ಗೋಡೆ

ನಲ್ಲಿಯ ಮೇಲೆ ಬೆಳಕು ಬಿದ್ದಿದೆ, ನೋಡಿದವರು ಹೊಸದೇ ಅಂದುಕೊಳ್ಳಬೇಕು, ವಿನಿಗರ್‌ನಲ್ಲಿ ನೆನೆಸಿದ ಬಟ್ಟೆ ಸುತ್ತಿಟ್ಟಿದ್ದಕ್ಕೆ ಗಡಸು ನೀರಿನ ಕಲೆಯೆಲ್ಲ ಬಿಟ್ಟುಕೊಂಡಿತು, ಇಷ್ಟು ಸುಲಭ ಅಂತ ಗೊತ್ತಿದ್ದರೆ ನಮಗೋಸ್ಕರವೇ ಎಂದೋ ಉಜ್ಜುತ್ತಿದ್ದೆ, ಬಿಟ್ಟು ಹೋಗುವಾಗಲೇ ಮನೆ ಇಷ್ಟು ಚೆಂದ ಕಾಣಬೇಕೇ — ದಲ್ಲಾಳಿ ಹೇಳಿದ್ದು ಸರಿ, ಅಕ್ಕಾ, ದುಡ್ಡು ಸುರೀಬೇಡಿ, ಬೆವರು ಸುರಿಸಿ ಸಾಕು, ಕಿಟಕಿ ಗಾಜು ಹಳೇ ಪೇಪರಲ್ಲಿ ಒರೆಸಿ, ಕಿರುಗುಟ್ಟೋ ಬಾಗಿಲಿಗೆ ಎಣ್ಣೆ ಬಿಡಿ, ಮಂಕು ಬಲ್ಬು ಬದಲಾಯಿಸಿ, ಬಣ್ಣ ಮನೆಗೆಲ್ಲ ಬೇಡ, ಒಳಗೆ ಬರ್ತಿದ್ದ ಹಾಗೆ ಕಣ್ಣಿಗೆ ಬೀಳೋ ಗೋಡೆಗೆ ಹೊಡೀರಿ, ಆಮೇಲೆ ಅರ್ಧ ಸಾಮಾನು ಆಚೆ ಹಾಕಿ, ಖಾಲಿ ಇದ್ದಷ್ಟೂ ಮನೆ ದೊಡ್ಡದು. ನನ್ನ ಹೊಲಿಗೆ ಮೆಷಿನ್ ಎದುರುಮನೆಗೆ ಹೋಯಿತು, ಅದರ ಹಿಂದೆ ಕಪಾಟು, ಅದರ ಹಿಂದೆ ಎರಡು ಕುರ್ಚಿ, ಇವರು ಮಂಚದ ಮೇಲಿಂದ ಎಲ್ಲ ನೋಡುತ್ತಾ, ಲೇ, ನಾನೂ ದಪ್ಪ ಸಾಮಾನೇ, ನನ್ನನ್ನ ಯಾವಾಗ ಸಾಗಿಸ್ತೀಯ, ಅಂದರು, ನಕ್ಕೆ, ನಗದಿದ್ದರೆ ಅದು ತಮಾಷೆಯಾಗಿ ಉಳಿಯುವುದಿಲ್ಲ. ಲಾರಿ ಓಡಿಸಿದ ಮನುಷ್ಯ, ಮನೆಯಲ್ಲಿ ನಿಂತಿದ್ದಕ್ಕಿಂತ ರಸ್ತೆಯಲ್ಲಿ ಇದ್ದದ್ದೇ ಹೆಚ್ಚು, ಲಕ್ವ ಹೊಡೆದು ಬಲಗಡೆ ಬಿದ್ದುಹೋದ ಮೇಲೆ ರಸ್ತೆ ಅನ್ನುವುದು ಕಿಟಕಿಯಿಂದ ಕೇಳಿಸುವ ಸದ್ದು ಅಷ್ಟೇ, ಮೂರನೇ ಮಹಡಿ, ಲಿಫ್ಟ್ ಇಲ್ಲ, ಆಸ್ಪತ್ರೆಗೆ ಇಳಿಸಬೇಕಾದರೆ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊರಬೇಕು, ಆಗ ಇವರು ಕಣ್ಣು ಮುಚ್ಚಿಕೊಳ್ಳುತ್ತಾರೆ, ನೋವಿಗಲ್ಲ, ನಾಚಿಕೆಗೆ. ಅದಕ್ಕೇ ಮಾರಬೇಕು, ಊರಾಚೆ ನೆಲಕ್ಕೆ ಅಂಟಿದ ಎರಡು ಕೋಣೆ ಸಿಕ್ಕರೂ ಸಾಕು, ಬಾಗಿಲು ತೆಗೆದರೆ ರಸ್ತೆ ಇರಬೇಕು.

ಆದರೆ ಮೊದಲು ಬಂದ ಗಂಡ ಹೆಂಡತಿ ಮಂಚದಿಂದ ಬಚ್ಚಲಿನವರೆಗೆ ಗೋಡೆಗೆ ಹಾಕಿಸಿದ್ದ ಸ್ಟೀಲ್ ಕಂಬಿ ನೋಡಿದರು, ಇವರನ್ನು ನೋಡಿದರು, ಮುಲಾಮಿನ ವಾಸನೆ ಕುಡಿದರು, ನೀರನ್ನೂ ಕುಡಿಯದೆ ಹೋದರು. ದಲ್ಲಾಳಿ ತಲೆ ಕೆರೆದುಕೊಂಡ, ಬೇಜಾರು ಮಾಡ್ಕೋಬೇಡಿ ಅಕ್ಕಾ, ಕಾಯಿಲೆ ಇರೋ ಮನೆ ಅಂದ್ರೆ ಜನ ಹಿಂದೆ ಸರೀತಾರೆ, ಕಂಬಿ ಒಂದು ತೆಗೀರಿ. ನಿನ್ನೆ ತೆಗೆದೆ, ನಾನೇ, ಸ್ಕ್ರೂ ಒಂದೊಂದಾಗಿ ತಿರುಗಿಸಿ, ಇವರು ನೋಡುತ್ತಿದ್ದು, ಕಂಬಿ ಕೀಳೋದು ಅಂದ್ರೆ ಓಡಿಹೋಗೋದು ಕಣೆ, ಅದಕ್ಕೆ ಕಾಲಿರಬೇಕು, ನೀನು ನೋಡಿದ್ರೆ ಬರೀ ಕಂಬಿ ಕಿತ್ತಿದ್ದೀಯ, ಅಂದರು, ಆಮೇಲೆ ಬಚ್ಚಲಿಗೆ ಹೋಗುವಾಗ ನನ್ನ ಹೆಗಲು ಹಿಡಿದರು, ಹಿಡಿದ ಜಾಗ ಇನ್ನೂ ನೋಯುತ್ತಿದೆ. ತೂತುಗಳಿಗೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಸವರಿದ್ದೇನೆ, ಒಳಗೆ ಒಣಗಿದೆಯೋ ಇಲ್ಲವೋ — ಬೆಲ್ಲು, ಬಂದರು, ಇಸ್ತ್ರಿ ಅಂಗಿ ಹಾಕಿ ಇವರನ್ನು ಕುರ್ಚಿಯಲ್ಲಿ ಕೂರಿಸಿದ್ದೇನೆ, ಬಲಗೈ ಮೇಲೆ ಪೇಪರ್ ಹರಡಿ, ಓದುತ್ತಿರುವವರ ಹಾಗೆ.

ದಲ್ಲಾಳಿ, ಅವನ ಹಿಂದೆ ಕನ್ನಡಕದ ಒಬ್ಬ ಗಂಡಸು, ಅವನ ಹಿಂದೆ ಬಹಳ ಹಿಂದೆ ಅವನ ತಾಯಿ, ಉಸಿರು ಹಿಡಿದು ಹಿಡಿದು ಬಿಡುತ್ತಾ, ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಬಿಟ್ಟರು, ದಿನಾ ಹತ್ತಿದ್ರೆ ಕಾಲು ಗಟ್ಟಿ ಆಗತ್ತಮ್ಮ ಅಂತ ದಲ್ಲಾಳಿ. ಮಗನಿಗೆ ಮನೆ ಹಿಡಿಸಿದೆ, ಗೊತ್ತಾಗುತ್ತದೆ, ಗೋಡೆ ತಟ್ಟುತ್ತಾನೆ, ಕಿಟಕಿ ತೆಗೆಯುತ್ತಾನೆ, ಬೆಳಕು ಚೆನ್ನಾಗಿದೆ, ಈ ರೂಮು ಅಮ್ಮಂಗೆ ಆಗತ್ತೆ, ಅಮ್ಮ ನಮ್ ಜೊತೆನೇ ಇರೋದು, ಅನ್ನುತ್ತಾನೆ, ದಲ್ಲಾಳಿ ನನ್ನ ಕಡೆ ಹುಬ್ಬು ಹಾರಿಸುತ್ತಾನೆ, ಆಯಿತು ಅಂತ ಅರ್ಥ, ನನ್ನ ಎದೆಯಲ್ಲಿ ಆಗಲೇ ಬಾಗಿಲು ತೆಗೆದರೆ ರಸ್ತೆ. ಬಚ್ಚಲು ಎಲ್ಲಮ್ಮಾ ಅಂದರು ತಾಯಿ, ತೋರಿಸಿದೆ, ಒಬ್ಬರೇ ಹೊರಟರು, ಮೊಣಕಾಲು ಮಡಚದ ನಡಿಗೆ, ಕೈ ತಾನಾಗಿ ಗೋಡೆಗೆ ಹೋಯಿತು, ಇವರ ಕೈ ಹೋಗುತ್ತಿದ್ದ ಎತ್ತರಕ್ಕೇ, ಸವರಿಕೊಂಡು ಸವರಿಕೊಂಡು ಹೋಗಿ ನಿಂತಿತು. ಬೆರಳು ಪುಟ್ಟಿಯೊಳಗೆ ಇಳಿದಿತ್ತು. ತೆಗೆದು ನೋಡಿಕೊಂಡರು, ತುದಿ ಬೆಳ್ಳಗೆ, ಮುಂದಿನ ತೇಪೆ ನೋಡಿದರು, ಅದರ ಮುಂದಿನದು, ಆಮೇಲೆ ಕುರ್ಚಿಯಲ್ಲಿದ್ದ ಇವರನ್ನು, ಇಲ್ಲಿ ಕಂಬಿ ಇತ್ತಾ, ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ. ಪಟ ಇತ್ತು ಅನ್ನಬಹುದಿತ್ತು, ಸೊಂಟದ ಎತ್ತರಕ್ಕೆ ಯಾರಮ್ಮ ಪಟ ಹಾಕುತ್ತಾರೆ, ಏನೋ ಒಂದು ಅನ್ನಬಹುದಿತ್ತು, ಮಗ ಆ ಕಡೆ ಕಿಟಕಿಯಲ್ಲಿದ್ದ, ಈ ಬೆಳಕಿನ ರೂಮಿನಲ್ಲಿ ನಾಳೆ ಈ ತಾಯಿಯೂ ಕೂರುತ್ತಾರೆ, ಕಿಟಕಿಯಿಂದ ರಸ್ತೆ ಕೇಳಿಸಿಕೊಳ್ಳುತ್ತಾರೆ, ಕುರ್ಚಿಯಲ್ಲಿ ಹೊರುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ಇತ್ತಮ್ಮ, ಅಂದೆ, ಜೋರಾಗಿಯೇ ಬಂತು, ನಮ್ಮೋರಿಗೆ ಹಾಕಿಸಿದ್ದು, ಇಳಿಯೋಕೇ ಆಗಲ್ಲ ಅವರಿಗೆ, ಅದಕ್ಕೇ ಮಾರ್ತಿರೋದು, ನಿಮ್ ಕಾಲಿಗೆ ಈ ಮೆಟ್ಟಿಲು ಬೇಡಮ್ಮ. ದಲ್ಲಾಳಿ ಕೆಮ್ಮಿದ. ಇವರು ಎಡಗೈಯಲ್ಲಿ ಪೇಪರ್ ಪಕ್ಕಕ್ಕಿಟ್ಟು, ಹೌದು ತಾಯಿ, ನನ್ ಲಾರಿ ಇಲ್ಲೇ ಕೆಟ್ಟು ನಿಂತಿದೆ, ಅಂದರು.

ಯೋಚಿಸಿ ಹೇಳ್ತೀವಿ ಅಂದ ಮಗ, ಅಂದರೆ ಇಲ್ಲ ಅಂತಲೇ, ದಲ್ಲಾಳಿ ಮುಖ ಗಂಟಿಕ್ಕಿಕೊಂಡು ಮುಂದೆ ಇಳಿದ, ಬೇರೆಯವರನ್ನು ಕರೆತಂದೇ ತರುತ್ತಾನೆ, ಅವನ ಹೊಟ್ಟೆಪಾಡು, ಇಲ್ಲಾ ಕರೆತರದಿದ್ದರೂ — ಹೋದ್ರಾ, ಒಳಗಿಂದ ಇವರು, ಹೋದ್ರೆ ಕಂಬಿ ಹಾಕ್ಬಿಡೇ, ನಿನ್ ಹೆಗಲು ಮೂಳೆ ಚುಚ್ಚತ್ತೆ, ಹಾಕುತ್ತೇನೆ, ಅದೇ ತೂತಿಗೆ ಸ್ಕ್ರೂ ನಿಲ್ಲುತ್ತದೋ ಇಲ್ಲವೋ, ಹೊಸ ತೂತು ಕೊರೆಸಬೇಕೇನೋ, ನಾಳೆ ಮೆಷಿನ್ನೂ ವಾಪಸ್ಸು ತರಬೇಕು, ಬಾಗಿಲು ಹಾಕಬೇಕು, ಹಾಕಲಾಗುತ್ತಿಲ್ಲ, ತಾಯಿ ಇನ್ನೂ ಇಳಿಯುತ್ತಿದ್ದಾರೆ, ಒಂದು ಮೆಟ್ಟಿಲು, ಎರಡೂ ಕಾಲು ಸೇರಿಸಿ ನಿಲ್ಲುವುದು, ಮತ್ತೊಂದು ಮೆಟ್ಟಿಲು, ಮಗ ಕೆಳಗಿನ ತಿರುವಿನಲ್ಲಿ ಕಾಯುತ್ತಾ ಮೇಲೆ ನೋಡುತ್ತಿದ್ದಾನೆ, ಅಮ್ಮನ ಕಾಲನ್ನು ಈಗಷ್ಟೇ ನೋಡಿದವನ ಹಾಗೆ, ಅವರ ಕೈ ಮೆಟ್ಟಿಲ ಪಕ್ಕದ ಕಪ್ಪು ಕಟಕಟೆಯ ಮೇಲೆ, ಜಾರಿಸಿ, ನಿಲ್ಲಿಸಿ, ಜಾರಿಸಿ, ಒರೆಸಿಕೊಂಡೇ ಇಲ್ಲ, ಆ ಬೆರಳ ತುದಿ ಬೆಳ್ಳಗೆ, ಕಪ್ಪಿನ ಮೇಲೆ ಬೆಳ್ಳಗೆ, ನಿಂತಿದೆ —