ಕನ್ನಡಿಗೆ ಸಿಗದ ಜಾಗ

ಬಸ್ಸು ಓಡಿಸುವವನನ್ನು ಅಡುಗೆಮನೆಯ ಕುರ್ಚಿಗೆ ಕಟ್ಟಿಹಾಕಲಾಗಿತ್ತು. ಕಟ್ಟಿದವಳು ಅವನ ಹೆಂಡತಿ. ಹಳೆಯ ಹೊದಿಕೆಯೊಂದನ್ನು ಎದೆಗೆ ಸುತ್ತಿ, ಕುರ್ಚಿಯ ಬೆನ್ನಿಗೆ ಗಂಟು ಬಿಗಿದಿದ್ದಳು. ಕಾಲುಗಳನ್ನು ಮಾತ್ರ ಕಟ್ಟಿರಲಿಲ್ಲ, ಅವು ಕುಣಿಯುತ್ತಲೇ ಇದ್ದವು.

"ರೀ, ಭುಜ ಅಲ್ಲಾಡಿಸ್ಬೇಡಿ. ಕತ್ತು ಮಾತ್ರ." ಅವಳು ಬೆನ್ನ ಹಿಂದೆ ಒಂದು ಪಕ್ಕಕ್ಕೆ ಸರಿದು ನಿಂತಿದ್ದಳು. "ಹೇಳಿ, ನನ್ನ ಕೈಲಿ ಏನಿದೆ?"

"ಚಮಚ."

"ಎಷ್ಟು?"

"ನನ್ನ ತಲೆ ಮೇಲೆ ಕುಟ್ಟೋಕೆ ಎಷ್ಟು ಬೇಕೋ ಅಷ್ಟು."

"ಹಲ್ಲು ಕಿರೀಬೇಡಿ. ನಾಳೆ ಡಾಕ್ಟ್ರ ಮುಂದೆ ಈ ತಮಾಷೆ ನಡೆಯಲ್ಲ."

ನಡೆಯುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಚಾಲಕರ ವಾರ್ಷಿಕ ತಪಾಸಣೆಗೆ ಮೊದಲಿದ್ದ ಡಾಕ್ಟರು ತಲೆ ಎತ್ತದೆ ಸಹಿ ಹಾಕುತ್ತಿದ್ದರು. ಈಗ ಬಂದವರು ಹಾಗಲ್ಲ. ಹಿಂದೆ ನಿಂತು, ಒಂದು ತೋಳನ್ನು ಎರಡೂ ಭುಜಕ್ಕೆ ಅಡ್ಡ ಒತ್ತಿ, ಇನ್ನೊಂದು ಕೈಯ ಬೆರಳು ಎತ್ತಿ ಎಷ್ಟೆಂದು ಕೇಳುತ್ತಾರಂತೆ. ಹೇಳಲಾಗದವನಿಗೆ ಬಸ್ಸಿಲ್ಲ. ಡಿಪೋದ ಉಗ್ರಾಣದಲ್ಲಿ ಹಳೆಯ ಟೈರುಗಳ ನಡುವೆ ಒಂದು ಸ್ಟೂಲು, ಅಷ್ಟೇ.

ಆ ಸ್ಟೂಲು ಅವನ ನಿದ್ದೆ ತಿಂದಿತ್ತು. ಹುಟ್ಟಿದಾರಭ್ಯ ಕೂತಲ್ಲಿ ಕೂರದ ಜೀವ ಅವನದು. ನೆಂಟರ ಮನೆಯಲ್ಲಿ ಬಾಗಿಲಿಗೆ ಒರಗಿಕೊಂಡೇ ಮಾತು ಮುಗಿಸುವವನು, ಮನೆಯಲ್ಲಿ ಕಾಲು ಸುಟ್ಟ ಬೆಕ್ಕು. ಸ್ಟಿಯರಿಂಗ್ ಹಿಂದೆ ಕೂತಾಗ ಮಾತ್ರ ಮೈ ತಣ್ಣಗಾಗುತ್ತಿತ್ತು. ಅವನ ಪರವಾಗಿ ರಸ್ತೆಯೇ ಚಡಪಡಿಸುತ್ತಿತ್ತು, ಅವನು ಸುಮ್ಮನಿರಬಹುದಾಗಿತ್ತು.

ಊಟದ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಬೆನ್ನುಮೂಳೆಯೊಂದು ಹಾವಿನಂತೆ ಮಲಗಿತ್ತು. ಅದನ್ನು ತಂದವನು ಹೆಂಡತಿಯ ತಮ್ಮ. ಬೆನ್ನುನೋವಿನವರಿಗೆ ವ್ಯಾಯಾಮ ಹೇಳಿಕೊಡುವ ಕೆಲಸ ಅವನದು, ಮನೆಯವರ ಬಾಯಲ್ಲಿ ಮೂಳೆ ಪಂಡಿತ.

"ಇಲ್ನೋಡಿ ಭಾವ. ಕತ್ತಲ್ಲಿ ಏಳು ಮೂಳೆ. ಮೇಲಿಂದು ಬಳೆ ಥರ, ತಲೆ ಅದರ ಮೇಲೆ ಕೂತಿರುತ್ತೆ. ಹೂಂ ಅಂತ ತಲೆ ಆಡಿಸ್ತೀರಲ್ಲ, ಅದು ಅಲ್ಲಿ. ಎರಡನೇದಕ್ಕೆ ಒಂದು ಗೂಟ ಇದೆ. ಬಳೆ ಆ ಗೂಟದ ಸುತ್ತ ತಿರುಗುತ್ತೆ. ಪಕ್ಕಕ್ಕೆ ನೋಡೋದ್ರಲ್ಲಿ ಹೆಚ್ಚುಕಮ್ಮಿ ಅರ್ಧ ಅಲ್ಲೇ ಮುಗೀತು. ಮಿಕ್ಕ ಅರ್ಧ ಕೆಳಗಿನವು ಚೂರು ಚೂರು ಹಂಚ್ಕೊಳ್ತವೆ."

"ನಂದ್ರಲ್ಲಿ ಕೈ ಕೊಟ್ಟಿದ್ದು ಯಾವುದು?"

"ಆ ಕೆಳಗಿನವೇ. ನಡುವಿನ ಮೆತ್ತೆ ಸವೆದಿದೆ. ಅಂಚಲ್ಲಿ ಮೂಳೆ ಬೆಳೆದು ಒಂದನ್ನೊಂದು ಹಿಡ್ಕೊಂಡು ಕೂತಿವೆ."

"ಸರಿ, ಸೊಂಟ ತಿರುಗಿಸ್ತೀನಿ ಬಿಡು."

"ಸೊಂಟದ ಐದು ಇರೋದು ಬಗ್ಗೋಕೆ ಭಾವ, ತಿರುಗೋಕಲ್ಲ. ನೋಡಿ, ಒಂದರ ಕಿವಿ ಥರದ ಚಾಚು ಇನ್ನೊಂದಕ್ಕೆ ಹೆಂಗೆ ಅಡ್ಡ ನಿಂತಿದೆ! ಸೊಂಟ ತಿರುಗಿಸ್ದೆ ಅಂದ್ಕೊಳ್ತೀವಿ, ತಿರುಗೋದು ಎದೆ ಹಿಂದಿನ ಹನ್ನೆರಡು. ಅವಕ್ಕೂ ಪಕ್ಕೆಲುಬಿನ ಸಂಸಾರ ಜೋತುಬಿದ್ದಿದೆ, ಪಾಪ, ಎಷ್ಟು ಅಂತ ತಿರುಗ್ತವೆ?"

"ಒಟ್ನಲ್ಲಿ ಯಾರೂ ಮೈ ಬಗ್ಗಿಸಿ ಕೆಲಸ ಮಾಡಲ್ಲ ಅನ್ನು. ನಮ್ಮ ಡಿಪೋ ಥರಾನೇ."

ಹೆಂಡತಿ ನಗಲಿಲ್ಲ. ಗಂಟನ್ನು ಇನ್ನಷ್ಟು ಬಿಗಿದಳು. ಅವನು ಕತ್ತು ಹೊರಳಿಸಿದ. ಅರ್ಧ ತೆರೆದು ಸಿಕ್ಕಿಕೊಂಡ ಮೇಜಿನ ಖಾನೆಯ ಹಾಗೆ ಅದು ನಿಂತುಬಿಟ್ಟಿತು. ಅವಳ ಮೊಣಕೈ ಕಂಡಿತು, ಚಮಚ ಕಾಣಲಿಲ್ಲ. ಹಾಗಾದರೆ ಇಷ್ಟು ಕಾಲ ಹಿಂದೆ ನೋಡುತ್ತಿದ್ದದ್ದು ಹೇಗೆ? ಭುಜ, ಎದೆ, ಸೀಟಿನ ಮೇಲಿನ ಕುಂಡಿ, ಎಲ್ಲವನ್ನೂ ಕತ್ತಿನ ಸಾಲಕ್ಕೆ ಜಾಮೀನು ನಿಲ್ಲಿಸಿದ್ದೆನೆಂದು ಅವನಿಗೆ ಈಗ ಗೊತ್ತಾಯಿತು.

ಮರುದಿನ ಡಾಕ್ಟರು ಮೊದಲು ಬಗ್ಗಲು ಹೇಳಿದರು. ಬಗ್ಗಿದ, ಬೆರಳು ಕಾಲಿನ ಉಗುರಿಗೆ ತಾಗಿತು. ಸೊಂಟದ ಐದು ಮೂಳೆಗಳಿಗೆ ಮನಸ್ಸಿನಲ್ಲೇ ಶಹಭಾಸ್ ಹೇಳಿದ. ಆಮೇಲೆ ಕೂರಿಸಿದರು. ಬೆನ್ನ ಮೇಲ್ಭಾಗಕ್ಕೆ ಭಾರದ ತೋಳೊಂದು ಬಿತ್ತು.

"ತಿರುಗಿ. ಎಷ್ಟು ಬೆರಳು?"

ಕತ್ತು ತಿರುಗುವಷ್ಟು ತಿರುಗಿ ನಿಂತಿತು. ಗೋಡೆ. ಗೋಡೆಗೆ ಒತ್ತಿದ ಔಷಧಿ ಕಪಾಟು. ಕಪಾಟಿನ ಗಾಜಿನ ಬಾಗಿಲಲ್ಲಿ ಬಿಳಿ ಕೋಟು, ಕೋಟಿನ ಪಕ್ಕ ಎತ್ತಿದ ಕೈ. ಹುಡುಕಿದ್ದು ಅವನಲ್ಲ, ಅವನ ಕಣ್ಣು. ಬದುಕೆಲ್ಲ ಹಿಂದಿನದನ್ನು ಗಾಜಿನಲ್ಲೇ ನೋಡಿದ ಕಣ್ಣಿಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಿತ್ತು.

"ಮೂರು."

"ಈಗ?"

"ಒಂದು. ಕಿರುಬೆರಳು."

ಡಾಕ್ಟರು ಉತ್ತರ ಕೇಳುತ್ತಿದ್ದರೇ ಹೊರತು ಕತ್ತು ನೋಡುತ್ತಿರಲಿಲ್ಲ. ಹೊರಗೆ ಸಾಲು ಉದ್ದವಿತ್ತು. ಇನ್ನೊಂದು ಪಕ್ಕಕ್ಕೆ ಕತ್ತು ಸ್ವಲ್ಪ ವಾಸಿ, ಹೇಗೋ ದಾಟಿತು. "ಕಿರುಬೆರಳು ಕೂಡ ಬಿಡಲಿಲ್ಲವಲ್ಲ ನೀವು" ಎಂದು ನಗುತ್ತ ಸಹಿ ಹಾಕಿದರು.

ಮೋಸ ಹೇಗಾಗುತ್ತದೆ, ಕಂಡದ್ದನ್ನೇ ಹೇಳಿದ್ದು ಎಂದುಕೊಳ್ಳುತ್ತ ಅವನು ಡಿಪೋಗೆ ಓಡುನಡಿಗೆಯಲ್ಲಿ ಹೋದ. ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಬಸ್ಸು ಹೊರಟ ಮೇಲೂ ಕಾಲು ಕುಣಿಯುವುದು ನಿಲ್ಲಲಿಲ್ಲ. ಸ್ಟಿಯರಿಂಗ್ ಹಿಂದೆ ಹಾಗಾಗಿದ್ದು ಇದೇ ಮೊದಲು.

ಮಧ್ಯಾಹ್ನದ ಸುತ್ತಿನಲ್ಲಿ ಹೆಂಡತಿ ಹತ್ತಿದಳು, ಕೈಯಲ್ಲಿ ಈರುಳ್ಳಿಯ ಚೀಲ, ಮುಖದ ತುಂಬ ಗೆಲುವು. ಅಕ್ಕನ ಮನೆಗೆ ಹೊರಟಿದ್ದಳು, ಸುದ್ದಿ ಹೇಳಬೇಕಲ್ಲ. ಕಂಡಕ್ಟರು ಅವನ ಹಳೆಯ ಜೊತೆಗಾರ. ಯಾವಾಗ ಕೇಳಿದರೂ ಚಿಲ್ಲರೆ ಇಲ್ಲ ಎನ್ನುತ್ತಿದ್ದುದರಿಂದ ಎಲ್ಲರಿಗೂ ಅವನು ಚಿಲ್ಲರೆಯೇ.

"ಅತ್ತಿಗೆ, ಟಿಕೆಟ್?"

"ಪಾಸಾದವರ ಹೆಂಡ್ತಿಗೂ ಟಿಕೆಟ್ಟೇನಪ್ಪಾ?"

"ಪಾಸಾಗಿದ್ದು ಅಣ್ಣನ ಕತ್ತು. ಅದನ್ನ ತಂದು ತೋರ್ಸಿ, ಬಿಡ್ತೀನಿ."

ಮುಂದಿನ ಸಾಲಿನವರು ನಕ್ಕರು. ತಲೆಯ ಮೇಲಿನ ಕನ್ನಡಿಯಲ್ಲಿ ಅವಳು ಇವನತ್ತ ಹುಬ್ಬು ಹಾರಿಸಿದಳು.

ಅವಳ ನಿಲ್ದಾಣ ಬಂತು. ಮುಂಬಾಗಿಲಿನಿಂದ ಇಳಿದಳು. ಚಿಲ್ಲರೆ ಗಂಟೆ ಬಾರಿಸಿದ. ಅವನು ಗೇರು ಹಾಕಿ, ಪಕ್ಕದ ಕನ್ನಡಿ ನೋಡಿದ. ಅವಳಿಲ್ಲ. ಮುಂದಿನ ಗಾಜು ನೋಡಿದ. ರಸ್ತೆ ದಾಟುತ್ತಿಲ್ಲ. ಕಾಲುದಾರಿಯಲ್ಲಿ ಯಾರೋ ಇಬ್ಬರು ಹೋಗುತ್ತಿದ್ದರು, ಅವರಲ್ಲೂ ಅವಳಿಲ್ಲ.

ಬಾಗಿಲಿನ ಹಿಂದೆ, ಚಕ್ರದ ಮಗ್ಗುಲಿಗೆ, ಯಾವ ಕನ್ನಡಿಗೂ ಸಿಗದ ಒಂದು ಜಾಗವಿದೆ. ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂತರೆ ಮುಳುಗಿಹೋಗುವಷ್ಟು. ಕತ್ತು ಹೊರಳಿಸಿ, ಬಾಗಿಲ ಗಾಜಿನ ಮೂಲಕ ಕೆಳಕ್ಕೆ ನೋಡಿದರೆ ಮಾತ್ರ ಕಾಣುತ್ತದೆ. ಅವನು ಹೊರಳಿಸಿದ. ಸೀಟಿನ ಬೆಲ್ಟು ಎದೆಯನ್ನು ಹಿಡಿದಿತ್ತು, ಹೊದಿಕೆ ಹಿಡಿದಿದ್ದ ಹಾಗೆಯೇ. ಬಾಗಿಲ ಕಂಬಿ ಕಂಡಿತು. ಕಂಬಿಯಾಚೆ ಏನೂ ಇಲ್ಲ.

ಚಿಲ್ಲರೆ ಮತ್ತೆ ಗಂಟೆ ಬಾರಿಸಿದ.

"ಏನ್ರೀ ಡ್ರೈವರ್, ನಿದ್ದೆನಾ?" ಹಿಂದಿನ ಸೀಟಿನಿಂದ ಯಾರೋ ಕೂಗಿದರು.

ಎಷ್ಟು ಕಾಲದಿಂದ ಆ ಜಾಗವನ್ನು ತಾನು ನೋಡಿಲ್ಲ? ಗಂಟೆ ಬಾರಿಸಿದರೆ ಹೊರಡುವುದು, ಅಷ್ಟೇ ಆಗಿತ್ತು. ಇಳಿದವರಿಗೆ ಮುಖವಿರಲಿಲ್ಲ, ಎಲ್ಲಿಗೆ ಹೋದರೆಂದು ಹುಡುಕಿರಲಿಲ್ಲ. ಇಷ್ಟು ಕಾಲ ಅಲ್ಲಿ ಯಾರ್‍ಯಾರು ಇದ್ದರು? ಗೇರು ತೆಗೆದು, ಬ್ರೇಕು ಎಳೆದು, ಇಂಜಿನ್ ಆರಿಸಿ ಕೆಳಗಿಳಿದು ಬಸ್ಸನ್ನು ಸುತ್ತಿ ಬಂದ.

ಅವಳು ಅಲ್ಲೇ ಇದ್ದಳು. ಚೀಲದ ಹಿಡಿ ಕಿತ್ತುಹೋಗಿತ್ತು. ಮುಂಚಕ್ರದ ಪಕ್ಕ ಕುಕ್ಕರಿಸಿ, ಮಡಿಲಿಗೆ ಈರುಳ್ಳಿ ತುಂಬಿಕೊಳ್ಳುತ್ತಿದ್ದಳು. ಒಂದು ಈರುಳ್ಳಿ ಚಕ್ರದ ಮುಂದಕ್ಕೇ ಉರುಳಿತ್ತು, ಅದಕ್ಕೆ ಕೈ ಚಾಚಿದ್ದಳು.

"ಅಯ್ಯೋ, ನೀವ್ಯಾಕೆ ಇಳಿದ್ರಿ? ಹೋಗಿ, ಜನ ಬೈತಿದ್ದಾರೆ. ನಾನು ಆರಿಸ್ಕೋತೀನಿ."

"ನೀನು ಕಾಣ್ಲಿಲ್ಲ."

"ಇಲ್ಲೇ ಇದ್ದೆನಲ್ಲ?"

"ಅದೇ ಹೇಳಿದ್ದು."

ಅವಳು ತಲೆ ಎತ್ತಿದಳು. ಅವನ ಮುಖ ನೋಡಿ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡಳು. "ಬೆಳಿಗ್ಗೆ ಬೆರಳು ಹೇಳಿದ್ರಂತಲ್ಲ?"

"ಕಪಾಟಿನ ಗಾಜಲ್ಲಿ ನೋಡಿ ಹೇಳ್ದೆ."

"ಕಟ್ಟಿಹಾಕಿ ಕಲ್ಸಿದ್ದೆಲ್ಲ ಎಲ್ಹೋಯ್ತು?"

"ಅದು ಬರ್ಲಿಲ್ಲ ಕಣೇ."

ಚಿಲ್ಲರೆ ಬಾಗಿಲಿಂದ ತಲೆ ಹೊರಹಾಕಿದ. "ಅಣ್ಣ, ಸಂಸಾರದ ಮಾತು ಮನೇಲಿ ಇಟ್ಕೋ. ಹತ್ತು ಬೇಗ."

"ಡಿಪೋಗೆ ಫೋನ್ ಮಾಡು. ಬೇರೆ ಡ್ರೈವರ್ ಕಳಿಸ್ಲಿ."

"ಯಾಕೆ, ಏನಾಯ್ತು?"

"ಕತ್ತು ಫೇಲು ಅಂತ ಹೇಳು. ನಾನೇ ಹೇಳ್ದೆ ಅಂತ ಹೇಳು."

ಚಿಲ್ಲರೆ ಒಮ್ಮೆ ಅವನನ್ನು, ಒಮ್ಮೆ ಚಕ್ರದ ಬಳಿ ಕೂತವಳನ್ನು ನೋಡಿ ಫೋನು ತೆಗೆದ. ಜನ ಗೊಣಗುತ್ತ ಇಳಿಯತೊಡಗಿದರು. ಒಬ್ಬ ಈರುಳ್ಳಿ ತುಳಿದು, ಬೈದು ಹೋದ. ಹೆಂಡತಿ ಬಸ್ಸಿನ ಮೆಟ್ಟಿಲ ಮೇಲೆ ಕೂತಳು. ಅತ್ತುಬಿಡುತ್ತಾಳೆ ಅಂದುಕೊಂಡ, ಅವಳು ಅಳಲಿಲ್ಲ.

"ಆ ಉಗ್ರಾಣದಲ್ಲಿ ಓಡಾಡೋಕಾದ್ರೂ ಜಾಗ ಇದೆಯಾ?"

"ಟೈರು ಸರಿಸಿದ್ರೆ ಇರುತ್ತೆ."

"ಸರಿಸಿ ಹಾಗಾದ್ರೆ. ಬನ್ನಿ, ಆ ಡ್ರೈವರ್ ಬರೋವರೆಗಾದ್ರೂ ಒಂದು ಗಳಿಗೆ ಕೂತ್ಕೊಳ್ಳಿ."

ಅವನು ಕೂತ. ಕೂತವನು ಎದ್ದ. ಇಳಿದವರಲ್ಲಿ ಯಾರಾದರೂ ಬಸ್ಸಿನ ಹಿಂದೆ ನಿಂತಿದ್ದಾರೆಯೇ ಎಂದು, ಇಂಜಿನ್ ಆರಿದ್ದರೂ, ಮತ್ತೊಂದು ಸುತ್ತು ಹೊರಟ.